ಕರ್ನಲ್‌ಗೆ ಹೆದರಿದ ವಾರ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8

ಮಗ್ಗ ಶುರು. ಕಂಪ್ಯೂಟರ್ ತೆರೆದರೆ ಸ್ಕ್ರೀನ್ ಮೇಲೆ ಮತ್ತೆ ಅದೇ ಸಂದೇಶದ ಪೆಟ್ಟಿಗೆ — ಹೊಸ ಕರ್ನಲ್ ಬಂದಿದೆ, ಅಪ್‌ಡೇಟ್ ಮಾಡಲೇ? ‘ಆಮೇಲೆ’ ಒತ್ತಿದೆ. ದಿನಾ ಒತ್ತುತ್ತೇನೆ. ಈಗೀಗ ಓದುವುದೂ ಇಲ್ಲ.

ಭಾವನ ಫೋನು. ಅಕ್ಕನನ್ನು ಮದುವೆಯಾದಾಗಿನಿಂದ ನಮ್ಮ ಕಂಪ್ಯೂಟರಿಗೂ ಅವರೇ ಡಾಕ್ಟರು. “ಅಲ್ಲಮ್ಮ, ನಮ್ದು ಲಿನಕ್ಸ್, ವೈರಸ್ ಬರಲ್ಲ ಅಂತ ಸುಮ್ನೆ ಕೂತ್ರೆ ಆಗುತ್ತಾ? ಹಳೇ ಕರ್ನಲ್‌ನಲ್ಲಿ ತೂತುಗಳಿವೆ. ಯಾರಾದ್ರೂ ನುಗ್ಗಿದ್ರೆ?”

ಸಿಟ್ಟು ಬಂತು. ಈ ಕಂಪ್ಯೂಟರ್ ಹೇಳಿದ ಹಾಗೆ ಮಗ್ಗ ಪರದೆ ಬಟ್ಟೆ ನೇಯುತ್ತಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಯಾಕೆ? ಮಗ್ಗ ನಿಂತರೆ ಭಾವ ಬಂದು ನೇಯುತ್ತಾರಾ?

“ಕರ್ನಲ್ ಅಂದ್ರೇನೇ?” ಅಪ್ಪ ಕೇಳಿದ.

“ಒಳಗಡೆ ಎಲ್ರಿಗೂ ಕೆಲಸ ಹಂಚೋ ಮೇಸ್ತ್ರಿ.”

“ವಯಸ್ಸಾಯ್ತು ಅಂತ ಮೇಸ್ತ್ರೀನ ಬದಲಾಯಿಸ್ತೀಯಾದ್ರೆ ಮೊದಲು ನನ್ನನ್ನ ಕಳಿಸು.”

ಅಪ್ಪ ಇವತ್ತು ಪರದೆಗೆ ಹೊಸ ಡಿಸೈನ್ ಬರೆಯಲು ಹಿಡಿದ. ಸ್ಕ್ರೀನ್ ಮೇಲೇ ಬರೆಯುವ ಪೆನ್ನು. ಕೈ ಬಹಳ ನಡುಗುತ್ತದೆ. ಅವನ ಡಿಸೈನುಗಳೆಲ್ಲ ಪ್ರತಿ ಶನಿವಾರ ತಾವಾಗಿಯೇ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಆಗುತ್ತವೆ — ಬ್ಯಾಕಪ್. ಹಸಿರು ಟಿಕ್ ಬರುತ್ತದೆ. ಆ ಚಿಂತೆಯಿಲ್ಲ.

ಮಾರ್ಚ್ 6, ಗುರುವಾರ

ಎದುರಿನ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರೆ. ಎಲ್ಲ ಫೈಲಿಗೂ ಬೀಗ, ದುಡ್ಡು ಕೊಟ್ಟರಷ್ಟೇ ತೆಗೆಯುತ್ತಾರಂತೆ. ಯಜಮಾನಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಕರೆದರೂ ತಿರುಗಲಿಲ್ಲ.

ಭಾವನಿಗೆ ನಾನೇ ಫೋನ್ ಮಾಡಿದೆ. “ಹಳೇ ಕರ್ನಲ್ ಎಲ್ಲೂ ಹೋಗಲ್ಲಮ್ಮ. ಹೊಸದು ಹಟ ಮಾಡಿದ್ರೆ ಹಳೇದ್ರಲ್ಲೇ ಶುರು ಮಾಡು.” ಸರಿ. ಅಪ್ಪನ ಡಿಸೈನ್ ಮುಗಿಯಲಿ, ಶನಿವಾರ ಮಾಡುತ್ತೇನೆ.

ಮಾರ್ಚ್ 7, ಶುಕ್ರವಾರ. ಸಂಜೆ

ಮುಗಿಸಿದ! ಗಾಳಿಗೆ ಬಾಗಿದ ಹುಲ್ಲು, ನಡುವೆ ಒಂದೇ ಒಂದು ಮೊಗ್ಗು. ಹಿಂದೆ ಅರ್ಧ ದಿನದ ಕೆಲಸ, ಈಗ ವಾರವಿಡೀ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಬರೆಯುತ್ತಿದ್ದ. ನೋಡಲಾಗದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

“ಇದೇ ಕೊನೇದು ಕಣೇ. ಇನ್ನು ಈ ಕೈ ಮಾತು ಕೇಳಲ್ಲ.”

ಸೇವ್ ಮಾಡಿದೆ. ಪೆಟ್ಟಿಗೆ ಬಂತು, ಒತ್ತಿದೆ, ಕಂಪ್ಯೂಟರ್ ಆಫ್ ಮಾಡಿದೆ.

ಮಾರ್ಚ್ 8, ಶನಿವಾರ. 11 ಗಂಟೆ

ಅಪ್‌ಡೇಟ್ ಆಗಲಿಲ್ಲ. ‘ಡಿಸ್ಕ್‌ನಲ್ಲಿ ಜಾಗ ಇಲ್ಲ.’

ಹುಡುಕಿದೆ. ಹೊರಗಿನ ಹಾರ್ಡ್‌ಡಿಸ್ಕಿನ ವೈರು ಸಡಿಲ — ಯಾವಾಗಿನಿಂದಲೋ. ಅದು ಸಿಗದೆ, ಬ್ಯಾಕಪ್ ಇದೇ ಕಂಪ್ಯೂಟರಿನೊಳಗೆ ಆ ಡಿಸ್ಕಿನ ಹೆಸರೇ ಇರುವ ಒಂದು ಫೋಲ್ಡರಿಗೆ ಕಾಪಿಯ ಮೇಲೆ ಕಾಪಿ ಸುರಿದಿದೆ. ವಾರವಾರ ಟಿಕ್ ಬೇರೆ! ಎಲ್ಲ ಜಾಗವನ್ನೂ ಬ್ಯಾಕಪ್ಪೇ ತಿಂದಿದೆ.

ಅಪ್ಪನ ಹುಲ್ಲಿನ ಫೈಲ್ ತೆರೆದೆ. ಹೆಸರಿದೆ, ಒಳಗೆ ಏನೂ ಇಲ್ಲ. ನಿನ್ನೆಯ ಪೆಟ್ಟಿಗೆ ಕರ್ನಲ್‌ನದಲ್ಲ. ಜಾಗ ಇಲ್ಲ, ಸೇವ್ ಆಗಲಿಲ್ಲ ಎಂದು ಹೇಳಲು ಬಂದದ್ದು. ಓದದೆ ಒತ್ತಿದೆ. ವಾರವಿಡೀ ಸೇವ್ ಮಾಡಿದ್ದೂ ಅದೇ ಫೈಲಿಗೆ. ಅದೂ ಹೋಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ…

ಮಾರ್ಚ್ 12, ಬುಧವಾರ

ಉಳಿದ ಡಿಸೈನುಗಳನ್ನೆಲ್ಲ ನಿಜವಾದ ಹಾರ್ಡ್‌ಡಿಸ್ಕಿಗೆ ಹಾಕಿ, ಭಾವನ ಮನೆಯ ಕಂಪ್ಯೂಟರಿನಲ್ಲಿ ಒಂದೊಂದನ್ನೂ ತೆರೆದು ನೋಡಿದೆ. ಇನ್ನೊಂದು ಕಾಪಿ ಅಕ್ಕನ ಬೀರುವಿನಲ್ಲೇ ಬಿಟ್ಟು ಬಂದೆ. ಜಾಗ ಖಾಲಿ ಮಾಡಿ ಹೊಸ ಕರ್ನಲ್ ಹಾಕಿದೆ. ಉಸಿರು ಬಿಗಿಹಿಡಿದು ಮಗ್ಗದ ಸ್ವಿಚ್ ಒತ್ತಿದರೆ — ಏನೂ ಆಗದ ಹಾಗೆ ನೇಯತೊಡಗಿತು. ಹೆದರಿದ್ದು ಏನೂ ಮಾಡಲಿಲ್ಲ. ನಂಬಿದ್ದೇ ಕೈಕೊಟ್ಟಿತು.

“ಹುಲ್ಲು ಯಾವಾಗ ಮಗ್ಗಕ್ಕೆ ಹಾಕ್ತೀಯ?” ಅಪ್ಪ ದಿನಾ ಕೇಳುತ್ತಾನೆ. ಹೇಳುವ ಧೈರ್ಯವಿಲ್ಲ.

ಮಾರ್ಚ್ 16, ಭಾನುವಾರ. ಸಂಜೆ

ಹೇಳಿದೆ. ಅತ್ತುಬಿಟ್ಟೆ. ಅಪ್ಪ ಎದ್ದು ಕಂಪ್ಯೂಟರ್ ಆನ್ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಪಕ್ಕದ ಕುರ್ಚಿ ಎಳೆದ. “ಬಾ ಇಲ್ಲಿ. ಚಿತ್ರ ನನ್ನ ತಲೇಲಿದೆ. ಕೈ ನಿಂದಿರ್ಲಿ.”

“ನಂಗೆ ಬರಲ್ಲ ಅಪ್ಪ.”

“ನಂಗೇನು ಹುಟ್ತಾನೇ ಬರ್ತಿತ್ತಾ? ಕೂತ್ಕೋ.”

ಪೆನ್ನು ಹಿಡಿದೆ. “ಇದು ಹುಲ್ಲಾ, ಕೋಲಾ? ಬಗ್ಗಿಸು. ಇನ್ನೂ. ಗಾಳಿ ಎಡಗಡೆಯಿಂದ ಬರ್ತಿದೆ, ಕಾಣಲ್ವಾ?” ಅಳಿಸಿದೆ. ಮತ್ತೆ ಬರೆದೆ. ಅಪ್ಪನ ಕೈ ನನ್ನ ಭುಜದ ಮೇಲಿತ್ತು. ಅದರ ನಡುಕ ನನಗೆ ತಿಳಿಯುತ್ತಿತ್ತು. ಎಷ್ಟೋ ಗೆರೆಗಳಾದ ಮೇಲೆ ಒಂದಕ್ಕೆ ಅವನು ಏನೂ ಅನ್ನಲಿಲ್ಲ. ಬೈಗುಳ ಬರಲಿಲ್ಲವಲ್ಲ ಅಂತ ತಿರುಗಿ ನೋಡಿದರೆ —

ಅಗೋ, ಅಪ್ಪ ಕರೆಯುತ್ತಿದ್ದಾನೆ. ಟೀ ಕುಡಿಯುತ್ತ ಡೈರಿ ಬರೆದದ್ದು ಸಾಕಂತೆ. ಮೊಗ್ಗು ಇನ್ನೂ…