ಬ್ಯಾಗಿನಲ್ಲಿ ಉಳಿದ ಕಾರ್ಡು

ರೀ,

ನಾನು ಸ್ಕೂಲ್ ಲೈಬ್ರರಿಗೆ ವಾಪಸ್ ಓಡ್ತಿದ್ದೀನಿ. ಸ್ಕೂಟರ್ ಕೀ ಯಥಾಪ್ರಕಾರ ನಿಮ್ಮ ಜೇಬಿನಲ್ಲೇ, ಅದಕ್ಕೇ ನಡ್ಕೊಂಡು. ಹಾಲು ಕಾಯಿಸಿಲ್ಲ, ಕಾಯಿಸಿ.

ಇವತ್ತು ಮಕ್ಕಳಿಗೆ ಮೇಜಿನ ಮೇಲೆ ಕಂಬಳಿ ಇಳಿಬಿಟ್ಟು ಕಥೆಗುಹೆ ಮಾಡಿದ್ದೆ. ಒಳಗೆ ಕೂತು ಓದೋ ಮಗು ತನ್ನ ಲೈಬ್ರರಿ ಕಾರ್ಡನ್ನ ನನ್ನ ಕೈಲಿ ಕೊಟ್ಟು ಹೋಗಬೇಕು, ಹೊರಗೆ ಬಂದ ಮೇಲೆ ಇಸ್ಕೊಬೇಕು. ಎರಡು ಜಡೆಯ ಪುಟ್ಟಿಯ ಕಾರ್ಡು ಈಗ ನನ್ನ ಬ್ಯಾಗಲ್ಲಿ ಸಿಕ್ತು. ಗಂಟೆ ಹೊಡೀತು, ಎಲ್ಲರೂ ಓಡಿದ್ರು, ನಾನು ದೀಪ ಆರಿಸಿ ಬೀಗ ಹಾಕ್ಕೊಂಡು ಬಂದುಬಿಟ್ಟೆ.

ಅವಳಮ್ಮನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಚಾರ್ಜ್ ಮುಗೀತು, ಫೋನನ್ನ ಇಲ್ಲೇ ಚಾರ್ಜಿಗೆ ಹಾಕಿದ್ದೀನಿ. ಅವರು ಮಾಡಿದ್ರೆ ಮೊದಲು ಮಗು ಮನೆಗೆ ಬಂದಿದೆಯಾ ಅಂತ ಕೇಳಿ. ದಮ್ಮಯ್ಯ, ನಿಮ್ಮ ತಮಾಷೆ ಬೇಡ.

ವಾಚ್‌ಮನ್‌ಗೂ ಮಾಡಿದ್ದೆ. "ಕಿಟಕಿ ಹತ್ರ ನಿಂತು ಹೆಸರು ಹಿಡಿದು ಕೂಗಿದೆ ಮೇಡಂ, ಒಳಗೆ ಯಾರೂ ಇಲ್ಲ, ಹೆದರ್ಬೇಡಿ" ಅಂದ.

ಅವನು ಹಾಗಂದ ಮೇಲೇ ನನಗೆ ಜೀವ ಬಾಯಿಗೆ ಬಂದಿದ್ದು. ಆ ಮಗು ಹೇಳಿದ ಮಾತು ಮೀರೋದಲ್ಲ ರೀ. ಗುಹೆಯೊಳಗೆ ಬಿಡುವಾಗ ನಾನೇ ಹೇಳಿದ್ದೆ: "ನಾನು ಬಂದು ಕರೆಯೋವರೆಗೂ ಯಾರು ಕೂಗಿದ್ರೂ ಉಸಿರೆತ್ತಬೇಡ, ಪುಟ್ಟಿ."