ಸೋಮವಾರ ಕೊಟ್ಟ ರಕ್ತ

೧೧ ಮಾರ್ಚ್ ೨೦೨೫, ಮಂಗಳವಾರ. ಇಳಕಲ್.

ಲಿವರ್ ಅಂಕಿ ತೊಂಬತ್ತೆಂಟು, ಪಕ್ಕದಲ್ಲಿ ಮಿತಿ ಮೀರಿದೆ ಎನ್ನುವ ಕಪ್ಪು ಚುಕ್ಕೆ. ರಕ್ತಪರೀಕ್ಷೆಯ ಕಾಗದ ಕೊಡುತ್ತಲೇ ಲ್ಯಾಬಿನವನು ತೀರ್ಪೂ ಕೊಟ್ಟ: “ಅಕ್ಕಾರ, ಸಂಧಿವಾತದ ಗುಳಿಗಿ ನಿಮ್ಮ ಲಿವರ್ ತಿಂದೈತ್ರಿ.” ನಮ್ಮ ಮನೆಯವರೂ ಅದನ್ನೇ ಹಿಡಿದರು: “ಬಂದ್ ಮಾಡು ಆ ಗುಳಿಗಿ!”

೨೦೧೯ರಲ್ಲಿ ಇದೇ ಮಾತು ಕೇಳಿ ಗುಳಿಗೆ ಬಿಟ್ಟಿದ್ದೆ. ಬೆರಳು ಬಾತು, ಮಗ್ಗದ ಮೇಲೆ ಸೀರೆಯ ಸೆರಗಿನ ಎಳೆಗೆ ಒಡಲಿನ ಎಳೆ ಕೂಡಿಸುವ ಕೊಂಡಿ ನಾಲ್ಕು ತಿಂಗಳು ಹಾಕಲಾಗಲಿಲ್ಲ. ಹೇಳಿದವರು ಮರೆತಿದ್ದಾರೆ. ನಾನು ಮರೆತಿಲ್ಲ.

ಗುಳಿಗೆ ಬರೆದುಕೊಟ್ಟ ಬಾಗಲಕೋಟೆಯ ಡಾಕ್ಟರಿಗೆ ಫೋನ್ ಮಾಡಿದೆ.

“ವಾರಕ್ಕೊಮ್ಮೆ ತಗೊಳ್ಳೋ ಆ ಗುಳಿಗಿ ಯಾವಾಗ ತಗೊಂಡ್ರಿ?”

“ರವಿವಾರ ರಾತ್ರಿ.”

“ರಕ್ತ?”

“ಸೋಮವಾರ ಮುಂಜಾನೆ. ಸೋಮವಾರ ನಮ್ಮನಿಯೊಳಗ ಮಗ್ಗಕ್ಕ ಕೂಡಂಗಿಲ್ರಿ, ಅವತ್ತ ಪುರುಸೊತ್ತು.”

“ಗುಳಿಗಿ ತಗೊಂಡ ಮರುದಿನ ಆ ಅಂಕಿ ಏರೋದುಂಟು. ಶನಿವಾರ ಮತ್ತ ರಕ್ತ ಕೊಡ್ರಿ, ನೋಡಿ ಹೇಳ್ತೇನಿ. ನೀವಽ ಬಂದ್ ಮಾಡಬ್ಯಾಡ್ರಿ.”

ಆ ಲ್ಯಾಬಿನವನಿಗೆ ಈ ಒಂದು ಪ್ರಶ್ನೆ ಕೇಳಲು ಏನು ಧಾಡಿಯಾಗಿತ್ತು? ಸಿಟ್ಟಿನಲ್ಲಿ ಹಳೆಯ ದಿನಚರಿ ತೆಗೆದೆ. ೨೦೧೯, ನವೆಂಬರ್: ‘ಗುಳಿಗೆಯ ಮರುದಿನ ರಕ್ತ ಕೊಡಬಾರದು, ಡಾಕ್ಟರು ಹೇಳಿದ್ದಾರೆ.’ ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ.

ಶನಿವಾರ ಹೋಗುತ್ತೇನೆ. ಮನೆಯವರಿಗೆ ಆ ಹಳೆಯ ಪುಟ ಮಾತ್ರ ತೋರಿಸುವುದಿಲ್ಲ.