ಬಿಳಿ ಬಿಡಬೇಕಾದ ಬಯಲು

ಮಾರ್ಚ್ ೧೧, ಮಂಗಳವಾರ

ಖಾಲಿ ಜಾಗ ಅಂತೆ! ಆ ಮಾತು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ.

ನಗರ ಯೋಜನೆಯ ತರಗತಿಗೆ ನಮ್ಮ ಬಡಾವಣೆಯ ನಕ್ಷೆ ಮಾಡುತ್ತಿದ್ದೇನಲ್ಲ, ಬಸ್ ಡಿಪೋ ಹಿಂದಿನ ಬಯಲಿಗೆ ಯಾವ ಬಣ್ಣ ಹಚ್ಚಲಿ ಎಂದು ಕೇಳಿದೆ. ಮೇಷ್ಟ್ರು ತಲೆ ಎತ್ತಲೂ ಇಲ್ಲ. "ಮನೆಗೆ ಹಳದಿ, ಅಂಗಡಿಗೆ ನೀಲಿ, ಪಾರ್ಕಿಗೆ ಹಸಿರು. ಇದು ಯಾವುದೂ ಅಲ್ವಲ್ಲ? ಖಾಲಿ ಜಾಗ, ಬಿಳಿ ಬಿಡಮ್ಮ." ಬಿಳಿ ಬಿಟ್ಟ ಕಡೆ ಪಾರ್ಕಿಂಗ್ ಕಟ್ಟಡ ಎಬ್ಬಿಸಲು ಪಕ್ಕದ ಮೇಜಿನವನು ಆಗಲೇ ಪೆನ್ಸಿಲ್ ಚೂಪು ಮಾಡುತ್ತಿದ್ದ.

ಬೆಳಿಗ್ಗೆ ಅಲ್ಲಿ ಇಡೀ ಬೀದಿಯ ಹೊದಿಕೆಗಳು ಒಣಗುತ್ತವೆ. ಸಂಜೆ ಮಕ್ಕಳ ಚೆಂಡು, ಅಜ್ಜಂದಿರ ರಾಜಕೀಯ. ಅಕ್ಕ ಸ್ಕೂಟರ್ ಕಲಿತದ್ದು, ಬಿದ್ದು ಮಂಡಿ ತರಚಿಕೊಂಡದ್ದು ಅಲ್ಲೇ. ಇಷ್ಟೂ ಹೇಳಿದೆ. "ಅದಕ್ಕೆಲ್ಲ ಬಣ್ಣ ಇಲ್ಲ" ಎಂದರು.

ಇಲ್ಲದಿದ್ದರೆ ಹುಡುಕಿದರಾಯಿತು!

ಊಟವಾದ ಮೇಲೆ ಅಮ್ಮ ಇಣುಕಿ ನೋಡಿ, "ಎಂಟೆಕ್ ಅಂತ ಸೇರಿ ಚಿತ್ರಕ್ಕೆ ಬಣ್ಣ ತುಂಬ್ತಾ ಕೂತಿದೀಯಲ್ಲೇ" ಎಂದು ನಕ್ಕಳು. ಅಕ್ಕ ನಗಲಿಲ್ಲ. ನಕ್ಷೆಯಲ್ಲಿ ತಾನು ಬಿದ್ದ ಮೂಲೆ ಹುಡುಕಿದಳು. ಒಳಗೆ ಹೋಗಿ ತನ್ನ ನೇಲ್ ಪಾಲಿಶ್ ತಂದು ಕೈಗಿಟ್ಟಳು. ಮಿರಮಿರ ಮಿಂಚುವ ಗುಲಾಬಿ. ಬಯಲಿಗೆ ಪೂರ್ತಿ ಬಳಿದೆ. ಬಣ್ಣಗಳ ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿ, ಮುಂದೆ "ಜನ ಇದ್ದಾರೆ" ಎಂದು ಬರೆದೆ.

ಕೋಣೆ ತುಂಬ ಅದರ ಘಾಟು. ಕಿಟಕಿ ತೆಗೆದಿಟ್ಟಿದ್ದೇನೆ, ಕಣ್ಣು ಎಳೆಯುತ್ತಿದೆ.

ನಾಳೆ ಮೇಷ್ಟ್ರು ರಬ್ಬರ್ ಹಿಡಿದೇ ಬರಲಿ. ಇದು ರಬ್ಬರಿಗೆ ಜಗ್ಗುವ ಬಣ್ಣವಲ್ಲ. ಉಜ್ಜಿದರೆ ಕಾಗದ ಹರಿದೀತು, ಬಯಲು ಅಳಿಯದು.